ತಿರುವಿನಮ್ಮನ ಗಂಟೆ

"ಬುದ್ಧಿ, ವ್ಯಾನಿಗೆ ಕಟ್ಟೋಕೆ ಒಂದು ತಾಯಿತ ಮಂತ್ರಿಸಿ ಕೊಡ್ತೀರಾ?" ಎಂದು ಶಿಷ್ಯ ಸೋಮಲಿಂಗ ಕೇಳಿದ. ಅವನು ಮಠದ ಶಾಲೆಯ ವ್ಯಾನು ಓಡಿಸುವವನು. ಮರುದಿನ ಬೆಳಗ್ಗೆ ಮಕ್ಕಳನ್ನು ಕಬಡ್ಡಿ ಪಂದ್ಯಕ್ಕೆಂದು ಘಟ್ಟದ ಕೆಳಗಿನ ಊರಿಗೆ ಕರೆದೊಯ್ಯಬೇಕಿತ್ತು.

"ಈಗ ಯಾಕಪ್ಪ ತಾಯಿತ?" ಎಂದರು ಸ್ವಾಮಿಗಳು.

"ಬ್ರೇಕು ಸ್ವಲ್ಪ ಮೆತ್ತಗಾಗಿದೆ ಬುದ್ಧಿ. ಎರಡು ಸಲ ತುಳಿದರೆ ಹಿಡಿಯುತ್ತೆ. ಘಟ್ಟದ ದಾರಿ ನೋಡಿ, ಅದಕ್ಕೇ ಕೇಳಿದೆ."

ಸ್ವಾಮಿಗಳು ಹಣೆ ಚಚ್ಚಿಕೊಂಡರು. ಬೈಯಲು ಬಾಯಿ ತೆರೆದವರು ಹೇಗೋ ತಡೆದುಕೊಂಡು, "ಕೂತುಕೋ. ಒಂದು ಕತೆ ಹೇಳುತ್ತೇನೆ. ಸುಮ್ಮನೆ ತಲೆಯಾಡಿಸಬೇಡ, ಕೇಳು" ಎಂದು ಆರಂಭಿಸಿದರು.

ಒಂದು ಘಟ್ಟವಿತ್ತು. ಅದರಲ್ಲಿ ಒಂದು ಕೆಟ್ಟ ತಿರುವಿತ್ತು. ತಿರುವಿನ ಬಳಿ ಒಬ್ಬ ಮುದುಕಿ ವಾಸವಾಗಿದ್ದಳು. ಅವಳಿಗೆ ಇಬ್ಬರು ಗಂಡುಮಕ್ಕಳು, ಇಬ್ಬರೂ ಲಾರಿ ಓಡಿಸುವವರು. ದೊಡ್ಡವನು ಅದೇ ತಿರುವಿನಲ್ಲಿ ಲಾರಿಯೊಡನೆ ಕೆಳಗೆ ಬಿದ್ದು ಸತ್ತ. ಚಿಕ್ಕವನು ಕೆಲವು ದಿನ ಅತ್ತು, ಮತ್ತೆ ಅದೇ ದಾರಿಯಲ್ಲಿ ಅದೇ ವೇಗದಲ್ಲಿ ಓಡಿಸತೊಡಗಿದ. ಅಣ್ಣನಿಗೆ ಕೈ ಪಳಗಿರಲಿಲ್ಲ, ತನಗೆ ಹಾಗಲ್ಲ ಎಂಬುದು ಅವನ ನಂಬಿಕೆ. ಸತ್ತವರ ವಿಷಯದಲ್ಲಿ ಬದುಕಿರುವ ಡ್ರೈವರುಗಳೆಲ್ಲ ಹೇಳುವುದು ಇದನ್ನೇ. ನೀನೂ ಹೇಳಿರುತ್ತೀಯೆ.

ಮುದುಕಿ ಬೇಡಿಕೊಂಡಳು, ಆಣೆ ಹಾಕಿದಳು, ಊಟ ಬಿಟ್ಟಳು. ಮಗ ಕೇಳಲಿಲ್ಲ. ಕೊನೆಗೆ ಅವಳು ಅಡುಗೆಮನೆಯ ಒರಳಿನ ಗುಂಡುಕಲ್ಲನ್ನು ಹೊತ್ತು ತಂದು ತಿರುವಿಗೆ ಸ್ವಲ್ಪ ಮೊದಲೇ ರಸ್ತೆಯ ಬದಿಗೆ ನಿಲ್ಲಿಸಿದಳು. ಕುಂಕುಮ ಬಳಿದಳು. ಪಕ್ಕದ ಮರಕ್ಕೆ ಒಂದು ಗಂಟೆ ಕಟ್ಟಿದಳು. ಇವಳು ತಿರುವಿನಮ್ಮ, ಇಲ್ಲಿ ಗಾಡಿ ನಿಲ್ಲಿಸಿ, ಇಳಿದು, ಒಂದೊಂದು ಚಕ್ರಕ್ಕೂ ನೀರು ಚಿಮುಕಿಸಿ, ಗಾಡಿಗೆ ಒಂದು ಸುತ್ತು ಬಂದು, ಗಂಟೆ ಹೊಡೆದು ಹೋಗಬೇಕು, ತಪ್ಪಿದರೆ ಇವಳು ಸುಮ್ಮನಿರುವವಳಲ್ಲ ಎಂದು ಸಾರಿದಳು.

ತಾಯಿಗೆ ಹೆದರದ ಮಗ ಕಲ್ಲಿಗೆ ಹೆದರಿದ. ಗೊಣಗುತ್ತಲೇ ಇಳಿದ. ಅವನನ್ನು ನೋಡಿ ಉಳಿದವರೂ ಇಳಿದರು. ಇಳಿದವರ ನಿದ್ದೆ ಹಾರಿತು. ನೀರು ಚಿಮುಕಿಸಲು ಬಗ್ಗಿದವರಿಗೆ ಸವೆದ ಟೈರು ಕಂಡಿತು, ಸಡಿಲವಾದ ನಟ್ಟು ಕಂಡಿತು. ಮುಂದಿನ ಗಾಡಿಯನ್ನು ಹಿಂದೆ ಹಾಕಿಯೇ ತೀರುತ್ತೇನೆ ಎಂಬ ಹಟವೂ ಅಷ್ಟರಲ್ಲಿ ತಣ್ಣಗಾಗುತ್ತಿತ್ತು. ವರ್ಷಗಟ್ಟಲೆ ಆ ತಿರುವಿನಲ್ಲಿ ಒಬ್ಬನೂ ಸಾಯಲಿಲ್ಲ.

ಇಷ್ಟಾದ ಮೇಲೆ ನಮ್ಮ ಜನ ಅದನ್ನು ಅಷ್ಟಕ್ಕೇ ಬಿಡುತ್ತಾರೆಯೇ? ಒಬ್ಬ ವ್ಯಾಪಾರಿಯ ಕಾರಿನ ಚಕ್ರ ಇನ್ನೇನು ಕಳಚಿಕೊಳ್ಳುವುದರಲ್ಲಿತ್ತು. ಸುತ್ತು ಬರುವಾಗ ಅದು ಅವನ ಕಣ್ಣಿಗೆ ಬಿತ್ತು, ಬದುಕಿದ. ಕಣ್ಣು ಬಿಟ್ಟು ನೋಡಿದ್ದು ತಾನು, ಹೊಗಳಿದ್ದು ಕಲ್ಲನ್ನು. ದೊಡ್ಡ ಗುಡಿ ಕಟ್ಟಿಸಿ, ಕಲ್ಲಿಗೆ ಬೆಳ್ಳಿಯ ಮುಖವಾಡ ತೊಡಿಸಿದ. ತಿರುವಿನಮ್ಮ ಬಲು ಶಕ್ತಿವಂತೆ ಎಂದು ಹೆಸರಾಯಿತು. ಇಂಥ ದೇವಿಗೆ ಇಳಿದೇ ನಮಸ್ಕರಿಸಬೇಕೆಂದಿಲ್ಲ, ಅವಳು ಭಕ್ತಿಯನ್ನಷ್ಟೇ ನೋಡುತ್ತಾಳೆ ಎಂದು ಯಾರೋ ಹೇಳಿದರು. ಅವಸರದಲ್ಲಿದ್ದವರಿಗೆ ಬೇಕಾಗಿದ್ದುದೂ ಅದೇ.

ಮೊದಲು ಸುತ್ತು ಬರುವುದನ್ನು ಬಿಟ್ಟರು. ಏನೂ ಆಗಲಿಲ್ಲ. ಆಮೇಲೆ ಇಳಿಯುವುದನ್ನು ಬಿಟ್ಟರು. ಆಗಲೂ ಏನೂ ಆಗಲಿಲ್ಲ. ಏನೂ ಆಗದಿದ್ದುದನ್ನೇ ದೇವಿಯ ಅಪ್ಪಣೆ ಎಂದುಕೊಂಡರು. ಕೊನೆಕೊನೆಗೆ ಗಂಟೆಯ ಬದಲು ಹಾರನ್ ಹೊಡೆದು, ಓಡುವ ಗಾಡಿಯಲ್ಲೇ ಕೈ ಮುಗಿಯತೊಡಗಿದರು. ಎರಡೂ ಕೈ, ಸೋಮಲಿಂಗ! ಇಡೀ ಘಟ್ಟದಲ್ಲಿ ಸ್ಟೀರಿಂಗನ್ನು ಬಿಗಿಯಾಗಿ ಹಿಡಿಯಬೇಕಾದ ಜಾಗ ಅದೊಂದೇ. ಅಲ್ಲೇ ಅದನ್ನು ಬಿಟ್ಟು ಕೂರುತ್ತಿದ್ದರು. ಹೇಳುವಾಗಲೇ ನನಗೆ ಮೈ ಉರಿಯುತ್ತದೆ.

ಮುದುಕಿ ರಸ್ತೆಯ ಬದಿಯಲ್ಲಿ ನಿಂತು ಬೊಬ್ಬೆ ಹೊಡೆದಳು. ದೇವಿಯೂ ಇಲ್ಲ, ಎಂಥದೂ ಇಲ್ಲ, ಅದು ನಮ್ಮ ಮನೆಯ ಗುಂಡುಕಲ್ಲು, ನಿಮ್ಮನ್ನು ಇಳಿಸುವುದಕ್ಕೆಂದು ನಾನೇ ಇಟ್ಟದ್ದು ಎಂದಳು. ಅಜ್ಜಿಗೆ ಅರಳುಮರಳು ಎಂದು ಜನ ನಕ್ಕರು. ಮಗನೂ ನಕ್ಕ. ಒಂದು ಬೆಳಗ್ಗೆ ಅವನು ಲೋಡು ತುಂಬಿಸಿಕೊಂಡು ಹೊರಟಾಗ ಅವಳು ಲಾರಿಯ ಬಾಗಿಲು ಹಿಡಿದುಕೊಂಡಳು.

"ಇವತ್ತೊಂದು ದಿನ ಗುಡಿ ಹತ್ರ ಇಳಿಯೋ ಮಗನೇ. ದೇವಿಗಲ್ಲ, ನನಗೋಸ್ಕರ ಇಳಿಯೋ."

"ಹಾರನ್ ಹೊಡೀತೀನಲ್ಲವ್ವ, ಅವಳಿಗೆ ಕೇಳಿಸ್ತದೆ ಬಿಡು."

ಅವನು ಹೋದ. ಗುಡಿಯ ಮುಂದೆ ಹಾರನ್ ಹೊಡೆದ. ಕೈ ಮುಗಿದ. ರಸ್ತೆ ತಿರುಗಿತು, ಲಾರಿ ತಿರುಗಲಿಲ್ಲ. ಹಾರನ್ನಿನ ಸದ್ದು ಮನೆಯಲ್ಲಿದ್ದ ಮುದುಕಿಗೆ ಕೇಳಿಸಿತು. ಅದರ ಹಿಂದೆಯೇ ಬಂದ ಸದ್ದೂ ಕೇಳಿಸಿತು.

ಜನ ಸೇರಿದರು. ಈಗಲಾದರೂ ಬುದ್ಧಿ ಬಂತು ಎನ್ನುತ್ತೀಯಾ? ಎದುರಿನಿಂದ ಬರುತ್ತಿದ್ದ ಒಬ್ಬ ಲಾರಿಯವನು, ಸತ್ತವನು ಎರಡೂ ಕೈ ಮುಗಿದದ್ದನ್ನು ಕಣ್ಣಾರೆ ಕಂಡೆ ಎಂದ. ಹಾಗಾದರೆ ಹಾರನ್ನನ್ನು ಸರಿಯಾಗಿ ಹೊಡೆದಿರಲಿಕ್ಕಿಲ್ಲ ಎಂದು ಎಲ್ಲರೂ ತೀರ್ಮಾನಿಸಿದರು. ದೇವಿಯ ಸಿಟ್ಟು ಇಳಿಯಲೆಂದು ವ್ಯಾಪಾರಿ ಇನ್ನೊಂದು ಗಂಟೆ ಕಟ್ಟಿಸಿದ.

ಮಗನ ಮಣ್ಣು ಮುಗಿದ ಮೇಲೆ ಮುದುಕಿ ಗುಡಿಗೆ ಹೋದಳು. ಮುಖವಾಡದ ಹಿಂದಿನಿಂದ ತನ್ನ ಕಲ್ಲನ್ನು ತೆಗೆದು ಸೆರಗಿನಲ್ಲಿ ಸುತ್ತಿಕೊಂಡು ಮನೆಗೆ ಬಂದಳು. ತೊಳೆದು ಒರಳಿನೊಳಗೆ ಇಟ್ಟಳು. ರುಬ್ಬಿ ಬಡಿಸೋಣವೆಂದರೆ ಆ ಮನೆಯಲ್ಲಿ ಉಣ್ಣುವವರು ಯಾರೂ ಉಳಿದಿರಲಿಲ್ಲ. ಗುಡಿಯಲ್ಲಿ ಕಲ್ಲು ಇಲ್ಲದಿರುವುದು ಯಾರಿಗೂ ತಿಳಿಯಲಿಲ್ಲ. ಬರಿಯ ಮುಖವಾಡಕ್ಕೆ ಇಂದಿಗೂ ಹಾರನ್ ಹೊಡೆದು ಕೈ ಮುಗಿಯುತ್ತಿದ್ದಾರೆ.

ಸ್ವಾಮಿಗಳು ಕತೆ ನಿಲ್ಲಿಸಿದರು. ಸೋಮಲಿಂಗ ಕಣ್ಣೊರೆಸಿಕೊಂಡ.

"ಪಾಪ, ಆ ತಾಯಿ" ಎಂದ. "ಪಂದ್ಯ ಮುಗಿಸಿ ಬಂದ ತಕ್ಷಣ ಬ್ರೇಕು ರಿಪೇರಿ ಮಾಡಿಸ್ತೀನಿ ಬುದ್ಧಿ. ನಾಳೆ ಒಂದು ದಿನದ ಮಟ್ಟಿಗೆ ತಾಯಿತ ಕೊಟ್ಟುಬಿಡಿ."

ಸ್ವಾಮಿಗಳು ಅಂಗೈ ಚಾಚಿದರು.

"ತಾಯಿತ ಕೊಡುತ್ತೇನೆ, ವ್ಯಾನಿನ ಕೀ ಇಲ್ಲಿಟ್ಟು ಹೋಗು."