ರಾಟೆ ನೋಡಿದ ಕೊಕ್ಕೆ

ಹಳೆಯ ಬಾವಿಯನ್ನು ಮುಚ್ಚುವ ದಿನ. ಕಲ್ಲಿನ ಚಪ್ಪಡಿ ಆಗಲೇ ಕಟ್ಟೆಯ ಮೇಲೆ ಬಂದು ಕುಳಿತಿತ್ತು. ಹಿತ್ತಾಳೆಯ ಕೊಡದ ಮಗಳು ತಂಬಿಗೆ ಬೆಳಗಿನಿಂದ ಕಾಣುತ್ತಿರಲಿಲ್ಲ. ಕೊಡ ಗೋಗರೆದದ್ದಕ್ಕೆ, ಮೈತುಂಬ ಕೊಕ್ಕೆಗಳಿದ್ದ ಪಾತಾಳಗರುಡಿ ಬಾವಿಗಿಳಿದು ತಳವನ್ನೆಲ್ಲ ಜಾಲಾಡಿ ಮೇಲೆ ಬಂತು. ಕಟ್ಟೆಯ ಕೆಳಗಿದ್ದ ಕೊಡಕ್ಕೆ ಏನೂ ಕಾಣದು. ನೋಡಿ ಹೇಳಬೇಕಾದದ್ದು ರಾಟೆ.

"ರಾಟೆಯಣ್ಣ, ನನ್ನ ಮಗಳು ಇದ್ದಾಳೇನಪ್ಪ?"

ರಾಟೆ ಮೊದಲ ಕೊಕ್ಕೆಯನ್ನು ನೋಡಿತು. ಅದರಲ್ಲೊಂದು ತುಕ್ಕು ಹಿಡಿದ ಸೌಟಿತ್ತು.

"ಇಲ್ಲಮ್ಮ," ಎಂದು ಗರುಡಿಯನ್ನು ಕೊಡವಿ, ಸಿಕ್ಕಿದ್ದನ್ನೆಲ್ಲ ಬಾವಿಗೆ ಬೀಳಿಸಿತು.

ಬೀಳುವಾಗ ಏನೋ ಗೋಡೆಗೆ ತಾಗಿ ಠಣ್ಣೆಂದಿತು. ಆ ದನಿ ಕೊಡಕ್ಕೆ ಗೊತ್ತಿತ್ತು.

"ಅವಳೇ ಅದು! ಎಷ್ಟು ಕೊಕ್ಕೆ ನೋಡಿದೆ ನೀನು?"

"ಒಂದು. ಅದರಲ್ಲಿ ಇರಲಿಲ್ಲ."

"ಹಾಗಾದರೆ 'ಅದರಲ್ಲಿ ಇಲ್ಲ' ಅನ್ನಬೇಕಿತ್ತು! 'ಇಲ್ಲ' ಅನ್ನಲು ನಿನಗೆ ನಾಲಿಗೆ ಹೇಗೆ ಬಂತು?"

"ಕೇಳಿದ ತಕ್ಷಣ ಉತ್ತರ ಕೊಟ್ಟರೂ ಬೈಗುಳವೇ?" ಎಂದು ರಾಟೆ ಕಿರುಗುಟ್ಟಿತು.

"ಉತ್ತರ ಯಾರಿಗೆ ಬೇಕಿತ್ತೋ, ದರಿದ್ರದವನೇ! ನನಗೆ ಮಗಳು ಬೇಕಿತ್ತು. ಇಳಿಸು ಇನ್ನೊಮ್ಮೆ!"

"ರಾಟೆ ಇಲ್ಲ ಎಂದಾಯಿತು," ಎಂದಿತು ಚಪ್ಪಡಿ. "ನನಗೆ ಅಷ್ಟು ಸಾಕು." ಅದು ಜರುಗಿ ಬಾವಿಯ ಬಾಯಿ ಮುಚ್ಚಿತು.

ಕೊಡ ಉರುಳಿಬಂದು ಕಟ್ಟೆಗೆ ಮೈ ಅಪ್ಪಳಿಸಿತು. ಒಳಗಿನಿಂದ ತಂಬಿಗೆ ಓಗೊಟ್ಟಿತು. ಅದು ರಾಟೆಗೂ ಕೇಳಿಸಿತು.