ಮೊಬೈಲಿನೊಳಗಿನ ಇಲಿ

ಮನೆಯವರು ಮರೆತುಹೋದ ಮೊಬೈಲಿನಲ್ಲಿ ಇಲಿ ಹಿಡಿಯುವ ಆಟವೊಂದು ತೆರೆದಿತ್ತು. ಬೆಕ್ಕು ಬೆಳಗಿನಿಂದ ಅದರ ಮೇಲೆ ಪಂಜ ಬಡಿಯುತ್ತಿತ್ತು. ಆಟದ ಇಲಿ ಉಗುರಿಗೆ ಸಿಕ್ಕಂತೆ ಮಾಡಿ ಜಾರಿಕೊಳ್ಳುತ್ತಿತ್ತು.

ಅಡುಗೆಮನೆಯ ಇಲಿ ಬೆಕ್ಕಿನ ತಟ್ಟೆಯಲ್ಲಿದ್ದ ಹಾಲು ಅನ್ನ ಮುಕ್ಕುತ್ತ, "ಬಿಡಬೇಡಿ ಬೆಕ್ಕಣ್ಣ, ಇನ್ನೇನು ಸಿಕ್ಕೇಬಿಟ್ಟಿತ್ತು," ಎಂದು ಹುರಿದುಂಬಿಸಿತು.

ಬೆಕ್ಕು ಮತ್ತೆ ಸೋತಿತು. ಪಂಜ ಉರಿಯುತ್ತಿತ್ತು, ಹೊಟ್ಟೆ ಚುರುಗುಟ್ಟುತ್ತಿತ್ತು. "ಗೆದ್ದರೆ ಏನು ಸಿಗುತ್ತದೆ?" ಎಂದು ಕೇಳಿತು.

"ಮುಂದಿನ ಲೆವೆಲ್," ಎಂದಿತು ಇಲಿ.

"ಅಲ್ಲಿ ಏನಿರುತ್ತದೆ?"

"ಇದಕ್ಕಿಂತ ಜೋರಾಗಿ ಓಡುವ ಇಲಿ."

ಬೆಕ್ಕು ಪಂಜ ಕೆಳಗಿಳಿಸಿ ತಿರುಗಿ ನೋಡಿತು. ಹೊಟ್ಟೆ ಬಿರಿಯುವಷ್ಟು ತಿಂದಿದ್ದ ಇಲಿಗೆ ಓಡುವುದಿರಲಿ, ಎದ್ದು ನಿಲ್ಲುವುದೂ ಕಷ್ಟವಾಗಿತ್ತು.

"ಈ ಆಟ ನನಗೆ ಸಾಕು," ಎಂದಿತು ಬೆಕ್ಕು.

"ಅಷ್ಟು ಬೇಗ ಸೋಲು ಒಪ್ಪಿಕೊಂಡರೆ ಜನ ಏನೆಂದಾರು, ಸ್ವಾಮಿ?" ಎಂದು ಇಲಿ ತೊದಲಿತು.