ಕಡ್ಡಿಗೆ ಕೌದಿ ಹೊದಿಸಿದ ಯಂಕೋಬ

ನಾನು ಹೇಳ್ತಾ ಹೋಗ್ತೀನಿ, ನೀವು ‘ಹೂಂ’ ಅಂತಿರಿ. ನಡುವೆ ‘ಹಿಂಗ್ಯಾಕೆ’ ಅಂತ ಮಾತ್ರ ಕೇಳಬೇಡಿ, ಅದು ಯಂಕೋಬನ ಹೆತ್ತವ್ವ ಹುಲಿಗೆವ್ವನಿಗೇ ಇವತ್ತಿನ ತನಕ ಗೊತ್ತಾಗಿಲ್ಲ.

ಈ ಹುಲಿಗೆವ್ವ ಗಂಗಾವತಿ ಕಡೆಯ ಒಂದು ಅಕ್ಕಿ ಗಿರಣಿಯಲ್ಲಿ ಕಸ ಹೊಡೆಯುವವಳು. ಗಂಡ ಇಲ್ಲ, ಇರುವವನು ಒಬ್ಬನೇ ಮಗ. ಎತ್ತಿನಂಥ ಮೈ, ಹಸುವಿನಂಥ ಗುಣ, ಹೇಳಿದ ಮಾತು ಮೀರುವವನಲ್ಲ. ಅದೇ ನೋಡಿ ಬಂದ ಕಷ್ಟ! ‘ಎಮ್ಮಿಗೆ ನೀರು ತೋರಿಸ್ಕೊಂಡು ಬಾ’ ಅಂದರೆ ಕೆರೆ ದಂಡೆಗೆ ಒಯ್ದು, ನೀರನ್ನು ತೋರಿಸಿ, ಒಂದು ಗುಟುಕೂ ಕುಡಿಯಗೊಡದೆ ಹೊಡೆದುಕೊಂಡು ಬರುವನು.

“ನಾ ಸತ್ತ ಮ್ಯಾಲ ಇವಗ ‘ಉಣ್ಣು ಬಾರೋ’ ಅನ್ನೋರು ಯಾರು?” ಅನ್ನುವುದೇ ಅವಳ ಚಿಂತೆ. ಹೆಂಗೋ ಕಾರಟಗಿಯ ದುರುಗಪ್ಪ ಮಗಳನ್ನು ಕೊಡಲು ಮನಸ್ಸು ಮಾಡಿದ. “ಹುಡುಗ ಒಂದು ಕಡೆ ಕೆಲಸಕ್ಕ ನಿಲ್ಲಲಿ. ಸೋಮವಾರ ಮನಿಗೆ ಬಂದು ನೋಡಿ ಮಾತು ಕೊಡ್ತೀನಿ” ಅಂದ. ಹುಲಿಗೆವ್ವ ಮಗನಿಗೂ ಒಂದು ಕೆಲಸ ಕೊಡಿ ಅಂತ ಗಿರಣಿ ಸಾವ್ಕಾರನ ಕಾಲಿಗೆ ಬಿದ್ದಳು.

“ಹೇಳಿದ್ದು ಬಿಟ್ಟು ಬ್ಯಾರೆ ಮಾಡಂಗಿಲ್ರೀ ನನ್ನ ಮಗ!”

ಪಾಪ, ಆ ಮಾತಿನಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ.

ಗಿರಣಿಯಲ್ಲಿ ನೆಲ್ಲನ್ನು ಬಿಸಿನೀರಿನ ತೊಟ್ಟಿಯಲ್ಲಿ ನೆನೆಹಾಕುತ್ತಾರೆ. ಆಗಷ್ಟೇ ಫಿಟ್ಟರ್ ಮೌನೇಶ ತೊಟ್ಟಿಗೆ ಒಂದು ಹೊಸ ಟ್ರಾನ್ಸ್‌ಮಿಟರ್ ಕೂಡಿಸಿದ್ದ. ನೀರಿನೊಳಗೆ ಒಂದು ಕಡ್ಡಿ, ಕಡ್ಡಿಯ ತಲೆಯ ಮೇಲೆ ಒಂದು ಡಬ್ಬಿ. ಕಡ್ಡಿಗೆ ಎಷ್ಟು ಬಿಸಿ ತಾಗಿತೋ ಡಬ್ಬಿ ಅಷ್ಟನ್ನು ತನ್ನ ಮೇಲೆ ತೋರಿಸಿ, ಆಫೀಸಿನ ಪರದೆಗೂ ತಿಳಿಸುತ್ತದೆ. ಯಾವ ಕಡ್ಡಿ, ಎಷ್ಟರಿಂದ ಎಷ್ಟರ ತನಕ ಅಳೆಯಬೇಕು, ಎಲ್ಲವನ್ನೂ ಲ್ಯಾಪ್‌ಟಾಪ್ ಹಚ್ಚಿ ಅದಕ್ಕೆ ಮೊದಲೇ ಹೇಳಿಕೊಡಬೇಕು. ಹೇಳಿಕೊಟ್ಟಷ್ಟು ಮಾಡುತ್ತದೆ, ಅದರಾಚೆ ತಲೆ ಓಡಿಸುವುದಿಲ್ಲ.

“ಯಂಕೋಬಾ, ನಾ ಊಟ ಮಾಡಿ ಬರ್ತೀನಿ. ಆಫೀಸಿನಾಗೂ ಯಾರಿಲ್ಲ. ಡಬ್ಬಿ ಮ್ಯಾಲ ಕಣ್ಣಿಡು!” ಅಂದ ಮೌನೇಶ.

ಯಂಕೋಬ ಕಣ್ಣಿಟ್ಟ. ಡಬ್ಬಿಯ ಮೇಲೆ ಎಪ್ಪತ್ತು ಬಂತು, ನೋಡಿದ. ಎಂಬತ್ತು ಬಂತು, ನೋಡಿದ. ತೊಂಬತ್ತು ಬಂತು, ಕಣ್ಣು ಮಿಟುಕಿಸದೆ ನೋಡಿದ. ತೊಟ್ಟಿ ಗೊಳಗೊಳ ಕುದಿದು ನೆಲ್ಲು ಬಾಯಿ ಬಿಟ್ಟಿತು.

“ಏನ್ಲೇ ಮಾಡಾಕತ್ತಿದ್ದಿ?” ಅಂತ ಊಟ ಮುಗಿಸಿ ಬಂದ ಮೌನೇಶ ಚೀರಿದ.

“ಕಣ್ಣಿಟ್ಟಿದ್ದೆ!”

ಸುದ್ದಿ ಕೇಳಿ ಹುಲಿಗೆವ್ವ ಪೊರಕೆ ಹಿಡಿದೇ ಓಡಿ ಬಂದಳು. “ನೋಡ್ಕೊಂತ ಕುಂತ್ರ ಆತೇನೋ ಮೂಳಾ! ಎಪ್ಪತ್ತು ದಾಟಿತೋ, ಹಿಂದ ಮುಂದ ನೋಡಬ್ಯಾಡ, ತಣ್ಣೀರು ಸುರಿ!”

“ಹೂಂ ಯವ್ವ.”

ಮರುದಿನ ಸಾವ್ಕಾರನ ತಂದೆ ಕೋಲೂರಿಕೊಂಡು ಹೊಸ ಡಬ್ಬಿ ನೋಡಲು ಬಂದ. ಮೌನೇಶ ಕುರ್ಚಿ ಹಾಕಿ, “ವಯಸ್ಸೆಷ್ಟಾತ್ರೀ ಅಜ್ಜಾರ?” ಅಂದ.

“ಮೊನ್ನಿಗೆ ಎಪ್ಪತ್ತು ದಾಟ್ತಪ್ಪ.”

ದಬಕ್! ಒಂದು ಕೊಡ ತಣ್ಣೀರು ಅಜ್ಜನ ನೆತ್ತಿಯ ಮೇಲೆ! ಅಜ್ಜ ಗಡಗಡ ನಡುಗಿದ, ಸಾವ್ಕಾರ ಗುಡುಗಿದ. ಹುಲಿಗೆವ್ವ ತನ್ನ ಸೆರಗಿನಲ್ಲೇ ಅಜ್ಜನನ್ನು ಒರೆಸಿ, ಮಗನ ಬೆನ್ನಿಗೆ ಗುದ್ದಿದಳು.

“ನನ್ನ ಹೊಟ್ಟ್ಯಾಗ ಎಲ್ಲಿ ಹುಟ್ಟಿದೆಲೇ! ತೋಯಿಸಿಕೊಂಡೋರು ಕಂಡ್ರ ಚಂದಂಗ ಒರಿಸಬೇಕು, ಬೆಚ್ಚಗ ಹೊಚ್ಚಬೇಕು! ಗೊತ್ತಾತಾ?”

“ಗೊತ್ತಾತು ಯವ್ವ.”

ಗೊತ್ತಾಯಿತಂತೆ! ಮರುದಿನ ತೊಟ್ಟಿಗೆ ಇಣುಕಿದ. ಒಳಗೆ ಕಡ್ಡಿ ಪಾಪ, ಕತ್ತಿನ ತನಕ ತೋಯ್ದು ನಿಂತಿದೆ. ಇವನ ಕರುಳು ಚುರ್ ಅಂದಿತು. ಡಬ್ಬಿ ಸಮೇತ ಎತ್ತಿ, ಒರೆಸಿ, ಮನೆಗೆ ಓಡಿ ಅವ್ವನ ಕೌದಿ ತಂದು ಹೊದಿಸಿ ಮಲಗಿಸಿದ. ಅತ್ತ ಆಫೀಸಿನವನು ಪರದೆ ನೋಡುತ್ತಾನೆ, ಮೂವತ್ತೈದು! ‘ನೀರು ಆರಿತಲ್ಲ’ ಅಂತ ತೊಟ್ಟಿಗೆ ಹಬೆ ಬಿಟ್ಟ. ಆದರೂ ಮೂವತ್ತೈದು! ಇನ್ನಷ್ಟು ಬಿಟ್ಟ. ಮಧ್ಯಾಹ್ನದ ಹೊತ್ತಿಗೆ ತೊಟ್ಟಿ ತುಂಬ ಗಂಜಿ.

“ಹೊಸಾ ಡಬ್ಬಿ ಕೆಟ್ಟೈತಿ!” ಅಂತ ಸಾವ್ಕಾರ ಕೂಗಾಡಿದ.

“ಡಬ್ಬೀದು ತಪ್ಪಿಲ್ರೀ” ಅಂದ ಮೌನೇಶ, ಕೌದಿ ಸರಿಸುತ್ತ. “ಕೌದ್ಯಾಗ ಎಷ್ಟು ಬೆಚ್ಚಗಿತ್ತೋ ಅಷ್ಟ ಹೇಳೈತಿ.”

ಹುಲಿಗೆವ್ವನಿಗೆ ಮೈ ಉರಿದುಹೋಯಿತು. ಹೇಳಿದಷ್ಟೇ ಮಾಡುವ ಡಬ್ಬಿಯದು ತಪ್ಪಿಲ್ಲವಂತೆ, ಹೇಳಿದಷ್ಟೇ ಮಾಡುವ ತನ್ನ ಮಗ ಮಾತ್ರ ಪೆದ್ದನಂತೆ! ಹಾಗಂತ ಬಾಯಿ ಬಿಟ್ಟು ಹೇಳುವ ಹಾಗಿಲ್ಲ, ತೊಟ್ಟಿ ತುಂಬ ಗಂಜಿ ಇದೆ. ಸಾವ್ಕಾರನ ಕಾಲು ಹಿಡಿದು ಅತ್ತಳು. “ಸೋಮವಾರ ಹೆಣ್ಣಿನೋರು ಬರ್ತಾರ್ರೀ, ಅಲ್ಲೀ ತನಕ ಇಟ್ಕೋರ್ರಿ!” ಸಾವ್ಕಾರ ಮುಖ ತಿರುವಿಕೊಂಡು ಹೂಂ ಅಂದ.

ಮೌನೇಶ ಯಂಕೋಬನ ಕಿವಿ ಹಿಂಡಿದ. “ಈ ಡಬ್ಬಿ ನೋಡಿ ಕಲಿಯಲೇ! ಒಳಗ ಇದ್ದದ್ದು ಇದ್ದಂಗ ಹೊರಗ ಮುಟ್ಟಿಸತೈತಿ. ಕೂಡಿಸಂಗಿಲ್ಲ, ಕಳಿಯಂಗಿಲ್ಲ, ಮುಚ್ಚಿಡಂಗಿಲ್ಲ!”

ಸೋಮವಾರ ಬಂತು. ದುರುಗಪ್ಪ ಬೀಗರು ಬಿಜ್ಜರನ್ನೆಲ್ಲ ಕಟ್ಟಿಕೊಂಡು ಬಂದು ಪಡಸಾಲೆ ತುಂಬ ಕೂತ. ಹುಲಿಗೆವ್ವ ಮಗನನ್ನು ಅಡಿಗೆಮನೆ ಬಾಗಿಲಲ್ಲಿ ನಿಲ್ಲಿಸಿದಳು. “ನಿನ್ನ ಬುದ್ಧಿ ಓಡಿಸಬ್ಯಾಡ. ಮೌನೇಶ ಹೇಳಿದ್ನಲ್ಲ, ಆ ಡಬ್ಬಿ ಹಂಗ ಇರು, ಸಾಕು!”

ಯಂಕೋಬ ಡಬ್ಬಿಯ ಹಾಗೆ ನಿಂತ.

ಒಳಗೆ ಹುಲಿಗೆವ್ವ ಉಪ್ಪಿಟ್ಟು ತಿರುವುತ್ತ ಗೊಣಗಿದಳು. ಹೊರಗೆ ಯಂಕೋಬ ಗಂಟಲು ಬಿಚ್ಚಿ ಮುಟ್ಟಿಸಿದ.

“ಇಬ್ರು ಬರ್ತೀವಿ ಅಂದು ಊರ ಕಟ್ಕೊಂಡು ಬಂದಾರ! ಹೆಣ್ಣು ಕೊಡಾಕ ಬಂದಾರೋ, ಉಪ್ಪಿಟ್ಟು ತಿನ್ನಾಕ ಬಂದಾರೋ!”

ದುರುಗಪ್ಪ ಕೆಮ್ಮಿ, “ಹುಡುಗ ಭಾಳ ತಮಾಷಿ ಅದಾನ...” ಅಂತ ಶುರು ಮಾಡಿದ.

“ಏ, ಬಾಯಿ ಮುಚ್ಚಲೇ!” ಅಂದಳು ಹುಲಿಗೆವ್ವ ಒಳಗಿನಿಂದ, ಮಗನಿಗೆ.

“ಏ, ಬಾಯಿ ಮುಚ್ಚಲೇ!” ಅಂದ ಯಂಕೋಬ, ದುರುಗಪ್ಪನಿಗೆ.

“ಅಯ್ಯೋ ಶಿವನೇ, ಇವಗ ಹೆಣ್ಣು ಕೊಡೋ ಮನಷಾ ಇವನಕಿಂತ ದಡ್ಡ ಇರಬೇಕು!” ಅಂತ ಒಳಗೆ ಅವಳು ಹಲುಬಿದಳು.

ಅದನ್ನೂ ಮುಟ್ಟಿಸಿದ. ಕೂಡಿಸಲಿಲ್ಲ, ಕಳೆಯಲಿಲ್ಲ. ದುರುಗಪ್ಪ ರುಮಾಲು ಕೊಡವಿ ಎದ್ದ, ಅವನ ಹಿಂದೆ ಎಲ್ಲರೂ ಎದ್ದರು. ಹುಲಿಗೆವ್ವ ಸೌಟು ಹಿಡಿದು ಹೊರಗೆ ಬರುವಷ್ಟರಲ್ಲಿ ಅಂಗಳ ದಾಟಿದ್ದರು. ಅವಳು ತಿರುಗಿ ಹೋಗಿ ಒಲೆಯ ಮುಂದೆ ಕುಸಿದು, ಸೆರಗು ಬಾಯಿಗಿಟ್ಟುಕೊಂಡು ಅಳತೊಡಗಿದಳು. ಇನ್ನು ತನ್ನ ಮಗನಿಗೆ ಯಾರೂ ಇಲ್ಲ.

“ನಿಂದರ್ರೀ! ಒಳಗಿಂದ ಇನ್ನೂ ಬರಾಕತ್ತೈತಿ!” ಅಂತ ಯಂಕೋಬ ಬೀಗರನ್ನು ಕೂಗಿದ. ಅವರು ತಿರುಗಿ ನೋಡಿದರೆ, ಎತ್ತಿನಂಥ ಆಳು ಅಂಗಿಯ ತುದಿ ಬಾಯಿಗಿಟ್ಟುಕೊಂಡು ಹೋ ಅಂತ ಅಳುತ್ತಿದ್ದಾನೆ!

ಆ ಅಳು ಕೇಳಿ ಒಳಗೆ ಹುಲಿಗೆವ್ವ ಎರಡೂ ಕೈಯಿಂದ ಹಣೆ ಹಣೆ ಬಡಿದುಕೊಂಡಳು. ಬಾಗಿಲಲ್ಲಿ ಯಂಕೋಬನೂ ಬಡಿದುಕೊಂಡ, ಅಷ್ಟೇ ಜೋರಾಗಿ, ಅಷ್ಟೇ ಸಲ. ಆಮೇಲೆ ತಡೆಯಲಾರದೆ ಒಳಗೆ ಇಣುಕಿ ಅಂದ:

“ಯವ್ವಾ, ಸ್ವಲ್ಪ ಮೆಲ್ಲಕ ಬಡ್ಕೋ. ನನಗ ನೋಯಾಕತ್ತೈತಿ!”